ಈ-ಸೈಕಲ್ ಕೊಳ್ಳುವ ಮೊದಲು ಹಿಂದಿನ ಚಕ್ರ ನೋಡಿ

ಕೆಲಸಕ್ಕೆ ಹೋಗಿ ಬರಲಿಕ್ಕೂ ಆಗಬೇಕು, ಮೈಗೆ ವ್ಯಾಯಾಮವೂ ಸಿಗಬೇಕು ಎಂದು ಬೆಳಗಾವಿಯಲ್ಲಿ ಮೊದಲ ಈ-ಸೈಕಲ್ ಹುಡುಕುತ್ತಿರುವವರಿಗೆ ನಾನು ಹೇಳುವುದು, ಕಳಚುವ ಬ್ಯಾಟರಿಯದ್ದು, ಹಿಂದಿನ ಚಕ್ರ ಸುಲಭವಾಗಿ ಬಿಚ್ಚಲು ಬರುವಂಥದ್ದೇ ತಗೊಳ್ಳಿ. ನಾನು 35,000 ರೂಪಾಯಿಯೊಳಗೆ ತಗೊಂಡದ್ದು ಅಂಥದ್ದೇ, ಬಹಳ ಖುಷಿಯಾಗಿದ್ದೇನೆ.

ನನ್ನದು ಶಹಾಪುರದಿಂದ, ಕಾರ್ಖಾನೆಗಳಿರುವ ಉದ್ಯಮಬಾಗಕ್ಕೆ ದಿನದ ಓಡಾಟ. ಕೊಳ್ಳುವ ಮೊದಲು ಇದೇ ದಾರಿಯಲ್ಲಿ ಇನ್ನೆರಡು ಓಡಿಸಿ ನೋಡಿದೆ. ಒಂದು ಸಹೋದ್ಯೋಗಿಯದು, ಅದರ ಬ್ಯಾಟರಿ ಫ್ರೇಮಿನೊಳಗೇ ಕೂತಿದೆ. ಇನ್ನೊಂದು, ಸೋದರಮಾವನ ಮಗ ಹಳೇ ಸೈಕಲ್‌ಗೆ ಮೋಟರ್, ಬ್ಯಾಟರಿಯ ಕಿಟ್ ಹಾಕಿಸಿಕೊಂಡದ್ದು. ಮೂರಕ್ಕೂ ಹಿಂದಿನ ಚಕ್ರದಲ್ಲೇ 250 ವ್ಯಾಟ್ ಮೋಟರ್. ಗಂಟೆಗೆ 25 ಕಿಲೋಮೀಟರ್ ದಾಟಿಸುವುದಿಲ್ಲ, ಆದ್ದರಿಂದ ಲೈಸನ್ಸು, ನಂಬರ್ ಪ್ಲೇಟು ಬೇಡ. ಮೂರನೇ ಗೇಟಿನ ಓವರ್‌ಬ್ರಿಜ್ ಮೂರೂ ಆರಾಮಾಗಿ ಏರುತ್ತವೆ. ಓಟದಲ್ಲಿ ಅಂಥ ಫರಕಿಲ್ಲ.

ಫರಕು ಗೊತ್ತಾಗುವುದು ಪಂಚರ್ ಆದಾಗ. ಉದ್ಯಮಬಾಗದ ರಸ್ತೆ ಬದಿಗೆ ಲೇಥಿನ ಕಬ್ಬಿಣದ ಸುರುಳಿ ಚೂರು ಬಿದ್ದಿರುತ್ತವೆ. ಟೈರಿಗೆ ಹೊಕ್ಕರೆ ಅಲ್ಲೇ ಕೂತು, ಚಕ್ರ ತಿರುಗಿದಂತೆಲ್ಲ ಟ್ಯೂಬನ್ನು ಕೊರೆಯುತ್ತವೆ. ಸಹೋದ್ಯೋಗಿಯ ಸೈಕಲ್ ನನ್ನ ಕೈಯಲ್ಲಿದ್ದಾಗಲೇ ಹೀಗಾಯಿತು. ಪಂಚರ್ ಅಂಗಡಿಯವರು ಅಚ್ಚಿನಿಂದ ಹೊರಟ ವಾಯರ್ ನೋಡಿ, “ಸರ್ರ, ಇದನ್ನ ನಾ ಬಿಚ್ಚಂಗಿಲ್ರಿ. ವಾಯರ್ ಕಿತ್ರ ಏನ್ ಮಾಡೂದ್ರಿ? ತಗೊಂಡ ಅಂಗಡಿಗೇ ಒಯ್ರಿ” ಅಂದರು. ಅವರ ಮಾತು ಸರಿಯೇ. ಆ ವಾಯರ್ ನೇರ ಫ್ರೇಮಿನೊಳಗೆ ನುಗ್ಗಿತ್ತು, ಹೊರಗೆ ಎಲ್ಲೂ ವಾಯರ್ ಬಿಡಿಸುವ ಕನೆಕ್ಟರ್ ಇರಲಿಲ್ಲ. ಕಡೆಗೆ ಸೈಕಲ್ ಮಲಗಿಸಿ, ಚಕ್ರ ತೆಗೆಯದೇ ಒಂದು ಬದಿಯಿಂದ ಟೈರ್ ಎಬ್ಬಿಸಿ, ಟ್ಯೂಬ್ ಹೊರಗೆಳೆದು ಪ್ಯಾಚ್ ಹಾಕಿಕೊಟ್ಟರು. ಪ್ಯಾಚಿಗೆ ಇಷ್ಟು ಸಾಕು. ಟ್ಯೂಬೇ ಬದಲಿಸಬೇಕೆಂದರೆ ಚಕ್ರ ಹೊರಗೆ ಬರಲೇಬೇಕು.

ನನ್ನ ಸೈಕಲ್‌ನಲ್ಲಿ ಅಚ್ಚಿನಿಂದ ಒಂದು ಗೇಣು ಮುಂದೆಯೇ ಕನೆಕ್ಟರ್ ಇದೆ. ತಿರುವದೇ ನೇರ ಎಳೆದರೆ ಬಿಡುತ್ತದೆ. ಹಾಕುವಾಗ ಎರಡೂ ಕಡೆಯ ಬಾಣದ ಗುರುತು ಎದುರುಬದುರು ಬರಬೇಕು. ಅಚ್ಚಿನ ನಟ್ಟಿಗೆ ತಕ್ಕ ಪಾನಾ ಚೀಲದಲ್ಲಿ ಇರಲಿ. ಬಿಚ್ಚುವ ಮೊದಲು ಚೈನನ್ನು ಸಣ್ಣ ಗೇರಿಗೆ ತನ್ನಿ, ವಾಶರ್‌ಗಳ ಸಾಲಿನ ಫೋಟೋ ತೆಗೆದುಕೊಳ್ಳಿ. ಅದರಲ್ಲಿ ಹಲ್ಲಿರುವ ಒಂದು ವಾಶರ್ ಇರುತ್ತದೆ, ಆ ಹಲ್ಲು ಫ್ರೇಮಿನ ಸೀಳಿನೊಳಗೆ ಸರಿಯಾಗಿ ಕೂರಬೇಕು. ಕೂರದಿದ್ದರೆ ಮೋಟರ್ ಎಳೆದಾಗ ಅಚ್ಚೇ ತಿರುಗಿ ವಾಯರ್ ಹರಿಯುತ್ತದೆ. ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲೇ “ಹಿಂದಿನ ಚಕ್ರ ತೆಗದ್ ತೋರಿಸ್ರಿ” ಎಂದು ಕೇಳಿ. ಗೇರು, ಡಿಸ್ಪ್ಲೇ, ಬಣ್ಣ ಆಮೇಲೆ ನೋಡಿದರಾಯಿತು.

ಪಂಚರ್ ಮಟ್ಟಿಗೆ ಕಿಟ್ಟಿನದು ಸುಲಭ, ವಾಯರೆಲ್ಲ ಹೊರಗೇ ಇದೆ. ಆದರೆ ಟೇಪು ಸುತ್ತಿದ ಜೋಡಣೆಗಳನ್ನು ನಂಬಿ ಬೆಳಗಾವಿಯ ಜುಲೈ ಮಳೆಯಲ್ಲಿ ಓಡಿಸಲು ನನಗೆ ಧೈರ್ಯವಿಲ್ಲ. ಬ್ಯಾಟರಿ ಕ್ಯಾರಿಯರ್ ಮೇಲಿದ್ದು ಹಿಂಭಾಗ ಭಾರ, ಹಳೇ ಬ್ರೇಕಿಗೆ ಆ ವೇಗ ತಡೆಯುವ ಶಕ್ತಿಯಿಲ್ಲ.

ಚಾರ್ಜಿಂಗ್: ನಾನಿರುವುದು ಎರಡನೇ ಮಹಡಿಯಲ್ಲಿ. ಬ್ಯಾಟರಿ ಕೈಯಲ್ಲಿ ಹಿಡಿದು ಮೇಲೆ ಬರುತ್ತೇನೆ, ಸೈಕಲ್ ಕೆಳಗೆ. 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿ ತುಂಬಲು ಅರ್ಧ ಯೂನಿಟ್ ಕರೆಂಟೂ ಬೇಡ.

ವ್ಯಾಯಾಮದ ಮಾತು. ನಾನು ಓಡಿಸಿದ ಮೂರರಲ್ಲೂ ಪೆಡಲ್ ತಿರುಗುತ್ತಿದೆಯೋ ಇಲ್ಲವೋ ಅಷ್ಟನ್ನೇ ನೋಡುವ ಸೆನ್ಸರ್. ಕಾಲು ಸುಮ್ಮನೆ ಆಡಿಸಿದರೂ ಮೋಟರ್ ಎಳೆಯುತ್ತದೆ, ಬೆವರು ಬರುವುದಿಲ್ಲ. ಅದಕ್ಕೇ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಮೋಟರ್ ನೆರವಿನ ಮಧ್ಯದ ಹಂತ, ಸಂಜೆ ಬರುವಾಗ ಒಂದನೇ ಹಂತ ಇಲ್ಲವೇ ಮೋಟರ್ ಬಂದ್. ಭಾನುವಾರ ಯಳ್ಳೂರಿನ ರಾಜಹಂಸಗಡ ಏರುವಾಗ ಮಾತ್ರ ಕಡಿದಾದ ತಿರುವಿನಲ್ಲಿ ಹಂತ ಏರಿಸುತ್ತೇನೆ. ಪೆಡಲ್ ತುಳಿಯದೇ ಮೋಟರ್ ಓಡಿಸುವ ಥ್ರಾಟಲ್ ಮುಟ್ಟುವುದು ಸಿಗ್ನಲ್‌ನಲ್ಲಿ ಹೊರಡುವಾಗಷ್ಟೇ.

ಕಾಲಿನ ಒತ್ತಡ ಅಳೆದು ಅದಕ್ಕೆ ತಕ್ಕಷ್ಟೇ ನೆರವು ಕೊಡುವ ಟಾರ್ಕ್ ಸೆನ್ಸರ್ ವ್ಯಾಯಾಮಕ್ಕೆ ಇನ್ನೂ ಒಳ್ಳೆಯದು, ಆದರೆ ನನ್ನ ಬಜೆಟ್ಟಿಗೆ ಎಟುಕಲಿಲ್ಲ. ಮನೆ ಕೆಳಗೇ ಇದ್ದು, ಅಂಗಳದಲ್ಲಿ ಪ್ಲಗ್ ಇದ್ದು, ಮಾರಿದ ಅಂಗಡಿಯೂ ಹತ್ತಿರವಿದ್ದರೆ ಸಹೋದ್ಯೋಗಿಯಂಥ ಸೈಕಲ್ ನಿಮಗೆ ನಡೆದೀತು. ಉದ್ಯಮಬಾಗಕ್ಕೆ ದಿನಾ ಹೋಗುವವರಿಗಂತೂ ನಾನು ಅದನ್ನು ತಗೊಳ್ಳಿ ಅನ್ನಲಾರೆ.