ಗೀಸರ್ ಇದೆ ಮೇಡಂ: ತಿ. ನರಸೀಪುರದಲ್ಲಿ ಮಾಘಸ್ನಾನಕ್ಕೆ ಹಿಡಿದ ಬಾಡಿಗೆ ಕೋಣೆ

ಫೋನ್ ಮಾಡಿದಾಗ ಆ ಮನೆಯವರು ಹೇಳಿದ ಮೊದಲ ಮಾತೇ ಇದು: "ಗೀಸರ್ ಇದೆ ಮೇಡಂ, ಇಪ್ಪತ್ತನಾಲ್ಕು ಗಂಟೆ ಬಿಸಿನೀರು." ನಾವು ಹೊರಟಿದ್ದದ್ದು ಒಂದು ತಿಂಗಳು ಹೊಳೆಯಲ್ಲಿ ತಣ್ಣೀರು ಸ್ನಾನ ಮಾಡೋಕೆ. ಪಕ್ಕದಲ್ಲಿದ್ದ ಅತ್ತೆಗೆ ಹೇಳಿದೆ. "ಹಾಗಾದರೆ ಇಲ್ಲೇ ತುಮಕೂರಲ್ಲೇ ಇದ್ದುಬಿಡೋಣ, ನಮ್ಮ ಮನೇಲೂ ಗೀಸರ್ ಇದೆಯಲ್ಲ" ಅಂದರು.

ಅತ್ತೆಗೆ 83. ಮಾಘಸ್ನಾನ ಪೂರ್ತಿ ತಿಂಗಳು ನದಿಯಲ್ಲೇ ಆಗಬೇಕು ಅನ್ನೋದು ಅವರ ಬಹಳ ವರ್ಷದ ಆಸೆ. ನಾನು ಕಳೆದ ವರ್ಷ ಶಾಲೆಯಿಂದ ನಿವೃತ್ತಳಾದೆ. ಇನ್ನು ರಜೆ ಇಲ್ಲ ಅನ್ನೋ ನೆಪ ನಡೆಯಲಿಲ್ಲ. ಪ್ರಯಾಗದ ಚಳಿ ಅವರಿಗೆ ಆಗದು. ಕಾವೇರಿ, ಕಪಿಲೆ ಸೇರುವ ತಿರುಮಕೂಡಲು, ಅಂದರೆ ಈ ತಿ. ನರಸೀಪುರ, ಆದೀತು ಅಂತ ಇಬ್ಬರೂ ಒಪ್ಪಿದೆವು. ಇದು ಊರಿನ ಬಗ್ಗೆ ಬರೆದ ಲೇಖನ ಅಲ್ಲ. ಆ ಬಾಡಿಗೆ ಕೋಣೆ ಹೇಗಿತ್ತು, ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದಾ, ಕೊಟ್ಟ ದುಡ್ಡಿಗೆ ಸರಿ ಹೋಯಿತಾ, ಅಷ್ಟೇ. ಮನೆಯ ಹೆಸರು ಹಾಕುವುದಿಲ್ಲ. ಅವರಿಗೆ ಬೋರ್ಡೂ ಇಲ್ಲ.

ಮೊದಲ ಎಡವಟ್ಟು ತಾರೀಖಿನದ್ದೇ. "ಮಾಘ ಮಾಸಕ್ಕೆ ಒಂದು ತಿಂಗಳು ಬೇಕು" ಅಂದಿದ್ದೆ. ಅವರು ಕ್ಯಾಲೆಂಡರ್ ನೋಡಿ ಜನವರಿ 19ರಿಂದ ಬರೆದುಕೊಂಡಿದ್ದರು. ತಪ್ಪು ಅವರದ್ದೂ ಅಲ್ಲ. ನಮ್ಮ ಪಂಚಾಂಗದಲ್ಲಿ ತಿಂಗಳು ಮುಗಿಯೋದು ಅಮಾವಾಸ್ಯೆಗೆ. 2026ರಲ್ಲಿ ಪುಷ್ಯ ಅಮಾವಾಸ್ಯೆ ಜನವರಿ 18, ಮಾರನೇ ದಿನದಿಂದ ಮಾಘ. ಆದರೆ ಅತ್ತೆ ಮನೆಯ ಪದ್ಧತಿಯಲ್ಲಿ ಸ್ನಾನ ಪುಷ್ಯ ಹುಣ್ಣಿಮೆಯಿಂದ ಮಾಘ ಹುಣ್ಣಿಮೆವರೆಗೆ. ಅಂದರೆ ಜನವರಿ 3ರಿಂದ ಫೆಬ್ರವರಿ 1. ಉತ್ತರದವರಿಗೆ ತಿಂಗಳು ಮುಗಿಯೋದೇ ಹುಣ್ಣಿಮೆಗೆ. ಹಾಗಾಗಿ ಪ್ರಯಾಗದಲ್ಲಿ ಕಲ್ಪವಾಸ ಕೂತವರಿಗೂ, ಅಂದರೆ ಸ್ನಾನಕ್ಕೆಂದು ತಿಂಗಳಿಡೀ ನದಿ ದಡದಲ್ಲೇ ಉಳಿಯುವವರಿಗೂ, ಅದೇ ದಿನಗಳು. ನೀವು ಬುಕ್ ಮಾಡುವಾಗ ಮಾಸದ ಹೆಸರು ಹೇಳಬೇಡಿ, ತಾರೀಖು ಹೇಳಿ. ಈ ವರ್ಷ ಅಧಿಕ ಜ್ಯೇಷ್ಠ ಅಂತ ಒಂದು ತಿಂಗಳು ಹೆಚ್ಚಿಗೆ ಇರೋದರಿಂದ ಮುಂದಿನ ಪುಷ್ಯ ಹುಣ್ಣಿಮೆ 2027ರ ಜನವರಿ 22ಕ್ಕೆ ಹೋಗುತ್ತದೆ.

ಕೋಣೆ ಹಳೇ ಹೆಂಚಿನ ಮನೆಯ ಹಿತ್ತಲ ಕಡೆ. ಎರಡು ಮಂಚ, ಒಂದು ಮರದ ಬೀರು, ಗೋಡೆಯಲ್ಲಿ ಗೂಡು. ಗೂಡಿನಲ್ಲಿ ಅತ್ತೆಯ ದೇವರು ಕೂತವು. ಸೊಳ್ಳೆ ಪರದೆ ಕೊಟ್ಟಿದ್ದರು, ಒಂದರಲ್ಲಿ ಅಂಗೈ ಅಗಲದ ತೂತು. ಶೌಚಾಲಯ ಹೊರಗೆ ಆದರೂ ಮೆಟ್ಟಿಲಿಲ್ಲ, ಹಿಡಿದುಕೊಳ್ಳಲು ಕಂಬಿ ಇದೆ. ಅತ್ತೆಯಂಥವರಿಗೆ ಅದೇ ಮುಖ್ಯ. ಬಾಡಿಗೆ ದಿನಕ್ಕೆ 300, ತಿಂಗಳಿಗೆ 9,000. ಅಡ್ವಾನ್ಸ್ 3,000. ಊಟ ಬೇರೆ. "ಹೊಳೆ ಎದುರಿಗೇ ಇದೆ" ಅಂತ ಫೋನಿನಲ್ಲಿ ಹೇಳಿದ್ದರು. ನಾನು ಹೆಜ್ಜೆ ಎಣಿಸಿದೆ, 340. ಅತ್ತೆಯ ಹೆಜ್ಜೆಯಲ್ಲಿ 500 ದಾಟುತ್ತದೆ. ಎದುರಿಗೆ ಇರೋದು ಒಂದು ಹಿಟ್ಟಿನ ಗಿರಣಿ.

ಇಂಥ ವಾಸಕ್ಕೆ ಮಂಚ, ಫ್ಯಾನು ನೋಡಿ ಕೋಣೆ ಹಿಡಿಯೋದು ಸುಮ್ನೆ. ಬೆಳಗಿನ ನಾಲ್ಕೂವರೆಯಿಂದ ಆರೂವರೆವರೆಗೆ ಆ ಮನೆ ಹೇಗಿರುತ್ತದೆ ಅಂತ ಕೇಳಬೇಕು. ಮಿಕ್ಕ ಹೊತ್ತು ಹೇಗೋ ಕಳೆಯುತ್ತದೆ.

ಈ ಪರೀಕ್ಷೆಯಲ್ಲಿ ಮನೆಯವರು ಮೊದಲ ದಿನ ಫೇಲ್. ಸೂರ್ಯ ಹುಟ್ಟುವ ನಾಲ್ಕು ಗಳಿಗೆ ಮೊದಲು, ಅಂದರೆ ಸುಮಾರು ಒಂದೂವರೆ ಗಂಟೆ ಮುಂಚೆ ಅರುಣೋದಯ ಶುರು, ಸ್ನಾನಕ್ಕೆ ಅದೇ ಹೊತ್ತು. ಐದು ಗಂಟೆ ಹತ್ತು ನಿಮಿಷಕ್ಕೆ ನಾವು ಚೊಂಬು, ಮಡಿ ಸೀರೆ ಹಿಡಿದು ಬಾಗಿಲಿಗೆ ಬಂದರೆ ಗೇಟಿಗೆ ಬೀಗ. ಕೀಲಿ ಯಜಮಾನರ ದಿಂಬಿನ ಕೆಳಗೆ. ಯಜಮಾನರಿಗೆ ಕಿವಿ ಮಂದ. ಇಪ್ಪತ್ತು ನಿಮಿಷ ಜಗಲಿಯಲ್ಲಿ ಕೂತೆವು. ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ವಿಷ್ಣುಸಹಸ್ರನಾಮ ಜೋರಾಗಿ ಶುರು ಮಾಡಿದರು. ಅಕ್ಕಪಕ್ಕದ ಮನೆಯವರೆಲ್ಲ ಎದ್ದರು, ಯಜಮಾನರು ಕೊನೆಗೆ. ಅವತ್ತು ಸಂಜೆಯೇ ನಮಗೊಂದು ಕೀಲಿ ಮಾಡಿಸಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.

ದಾರಿಯ ದೀಪದ ವಿಷಯ ನನಗೆ ಹೊಳೆದದ್ದು ಎರಡು ವಾರ ಆದ ಮೇಲೆ. ಶುಕ್ಲ ಪಕ್ಷ ಅಂದರೆ ಬೆಳದಿಂಗಳು ಅಂತ ತಿಳಿದಿದ್ದೆ. ಬೆಳಗಿನ ಜಾವ ಹೊಳೆಗೆ ಹೋಗೋರಿಗೆ ಅದು ಉಲ್ಟಾ. ಹುಣ್ಣಿಮೆಯಿಂದ ಮೊದಲ ಹದಿನೈದು ದಿನ, ಕೊನೆಯ ಒಂದೆರಡು ಬಿಟ್ಟರೆ, ಐದು ಗಂಟೆಗೂ ಆಕಾಶದಲ್ಲಿ ಚಂದ್ರ ಇದ್ದ. ಮೆಟ್ಟಿಲು ಎಣಿಸಬಹುದಿತ್ತು. ಅಮಾವಾಸ್ಯೆ ಕಳೆದು ಚಂದ್ರ ಬೆಳೆಯೋಕೆ ಶುರುವಾದ ಮೇಲೆ ಅವನು ಬೆಳಗಾಗುವ ಮೊದಲೇ ಮುಳುಗುತ್ತಾನೆ. ಕತ್ತಲೋ ಕತ್ತಲು. ಮನೆಯ ಸೊಸೆ ತಮ್ಮ ದೊಡ್ಡ ಟಾರ್ಚ್ ನಮಗೇ ಬಿಟ್ಟುಕೊಟ್ಟರು. ನೀವು ನಿಮ್ಮದು ತನ್ನಿ. ಕಾಲಿಗೆ ಹಿಡಿತ ಇರುವ ರಬ್ಬರ್ ಚಪ್ಪಲಿಯೂ ಬೇಕು, ನೀರಿನ ಹತ್ತಿರದ ಕಲ್ಲು ಪಾಚಿಗೆ ಜಾರುತ್ತದೆ.

ಸ್ನಾನದ ಬಗ್ಗೆ ಒಂದು ಮಾತು ಹೇಳದೆ ಕೋಣೆಯ ಬಗ್ಗೆ ಹೇಳಿದರೆ ಅರ್ಥ ಇಲ್ಲ. ನನಗೆ ಇದರಲ್ಲಿ ಅಷ್ಟು ನಂಬಿಕೆ ಇರಲಿಲ್ಲ. ಮೊದಲ ದಿನ ಕಾಲು ಇಳಿಬಿಟ್ಟಾಗ ಆಶ್ಚರ್ಯ ಆಯಿತು: ನೀರು ಬೆಚ್ಚಗಿತ್ತು! ಬೆಚ್ಚಗೆ ಅಂದರೆ ಗೀಸರಿನ ಬೆಚ್ಚಗೆ ಅಲ್ಲ, ಹೊರಗಿನ ಗಾಳಿಗಿಂತ ಬೆಚ್ಚಗೆ. ಗಾಳಿ ರಾತ್ರಿ ಬೇಗ ತಣ್ಣಗಾಗುತ್ತದೆ, ಹೊಳೆ ಅಷ್ಟು ಬೇಗ ಆಗುವುದಿಲ್ಲ. ನೀರಿನ ಮೇಲೆ ತೆಳ್ಳಗೆ ಹಬೆ ಓಡಾಡುತ್ತಿತ್ತು. ಅತ್ತೆ ನನ್ನ ಮಣಿಕಟ್ಟು ಹಿಡಿದು ಕೊನೆಯಿಂದ ಮೂರನೇ ಮೆಟ್ಟಿಲ ಮೇಲೆ ಕೂತರು. ಸೊಂಟದವರೆಗೆ ನೀರು. "ಮಕರಸ್ಥೇ ರವೌ ಮಾಘೇ" ಅಂತ ಶುರು ಮಾಡಿ, ಹಲ್ಲು ಕಟಕಟ ಅನ್ನುವಾಗ ನಿಲ್ಲಿಸಿ, ಮತ್ತೆ ಅಲ್ಲಿಂದಲೇ ಹಿಡಿದರು. ಚೊಂಬಿನಿಂದ ತಲೆಗೆ ಮೂರು ಸಲ. ಆಮೇಲೆ ಬೊಗಸೆಯಲ್ಲಿ ಅರ್ಘ್ಯ. ಅವರ ಬೊಗಸೆ ಈಗ ಸರಿಯಾಗಿ ಕೂಡುವುದಿಲ್ಲ, ಬೆರಳುಗಳು ಸೊಟ್ಟಗಾಗಿವೆ. ಅರ್ಧ ನೀರು ಸೋರಿಹೋಗುತ್ತದೆ. ನಾನು ಕೆಳಗೆ ನನ್ನ ಕೈ ಒಡ್ಡಿದರೆ "ತೆಗಿ, ಎಷ್ಟಿದೆಯೋ ಅಷ್ಟು ಹೋಗಲಿ" ಅಂದರು.

ಕಷ್ಟ ಶುರುವಾಗೋದು ನೀರಿಂದ ಮೇಲೆ ಬಂದ ಮೇಲೆ. ಗಂಡಸರು ಪಂಚೆ ಕೊಡವಿ ಉಟ್ಟುಬಿಡುತ್ತಾರೆ. ನಾವು ಒದ್ದೆ ಸೀರೆಯಲ್ಲೇ ಆ 340 ಹೆಜ್ಜೆ ನಡೆಯಬೇಕು. ದಡದಲ್ಲಿ ಯಾರೋ ಹುಡುಗರು ಬೆಂಕಿ ಹಾಕಿಕೊಂಡು "ಬನ್ನಿ ಅಜ್ಜಿ" ಅಂತ ಕರೆಯುತ್ತಿದ್ದರು. ಅತ್ತೆ ತಿರುಗಿಯೂ ನೋಡಲಿಲ್ಲ. ಮಾಘಸ್ನಾನದ ನಿಯಮದಲ್ಲಿ ಬೆಂಕಿ ಕಾಯಿಸಿಕೊಳ್ಳುವಂತಿಲ್ಲವಂತೆ. ಸ್ನಾನಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ನಾನು ಆಸೆಯಿಂದ ತಿರುಗಿ ನೋಡಿದೆ, ಒಪ್ಪಿಕೊಳ್ಳುತ್ತೇನೆ.

ಈ ಮನೆಗೆ ನಾನು ಪೂರ್ತಿ ಅಂಕ ಕೊಡೋದು ಇಲ್ಲೇ. ನಾವು ವಾಪಸ್ ಬರುವ ಹೊತ್ತಿಗೆ ಹಿತ್ತಲ ಬಾಗಿಲು ತೆಗೆದಿರುತ್ತಿತ್ತು. ಬಚ್ಚಲ ದೀಪ ಉರಿಯುತ್ತಿತ್ತು. ನೆಲ ಒರೆಸಿ ಒಣಗಿಸಿ, ನಿಲ್ಲೋಕೆ ಒಂದು ಮಣೆ, ಕೂರೋಕೆ ಒಂದು ಸ್ಟೂಲ್ ಇಟ್ಟಿರುತ್ತಿದ್ದರು. ಯಾರೂ ಎದುರಿಗೆ ಬರುತ್ತಿರಲಿಲ್ಲ, ಮಾತಾಡಿಸುತ್ತಿರಲಿಲ್ಲ. ಮಡಿಯಲ್ಲಿರುವವರನ್ನು ಮುಟ್ಟಬಾರದು ಅನ್ನೋ ಲೆಕ್ಕ ಅವರಿಗೆ ಹೇಳಿಕೊಡಬೇಕಾಗಲಿಲ್ಲ. ಮೂವತ್ತು ದಿನದಲ್ಲಿ ಒಂದು ದಿನವೂ ತಪ್ಪಲಿಲ್ಲ.

ದಿನಕ್ಕೆ ಎರಡು ಒದ್ದೆ ಸೀರೆ, ಜನವರಿಯ ಇಬ್ಬನಿ. ಇದರ ಲೆಕ್ಕ ಹೊರಡುವಾಗ ನನ್ನ ತಲೆಗೆ ಬಂದಿರಲಿಲ್ಲ. ಅಡುಗೆಮನೆಯ ಹೊಗೆಗೂಡಿನ ಪಕ್ಕದ ಚಾವಡಿಯಲ್ಲಿ ಹಗ್ಗ ಕಟ್ಟಿದ್ದರು. ಮಧ್ಯಾಹ್ನಕ್ಕೆ ಗರಿಗರಿ ಒಣಗುತ್ತಿತ್ತು. ಸೀರೆಗೆ ಸ್ವಲ್ಪ ಸೌದೆ ಹೊಗೆಯ ವಾಸನೆ. ಈಗಲೂ ಬೀರು ತೆಗೆದರೆ ಬರುತ್ತದೆ.

ಇನ್ನು ಊಟ. ಇಬ್ಬರಿಗೆ ದಿನಕ್ಕೆ 400 ಅಂತ ಮಾತಾಗಿತ್ತು. ಅತ್ತೆ ಆ ತಿಂಗಳು ಒಪ್ಪೊತ್ತು, ಮಧ್ಯಾಹ್ನ ಒಂದೇ ಊಟ. ಆದರೂ ಮೊದಲ ವಾರದ ಲೆಕ್ಕದಲ್ಲಿ ಪೂರ್ತಿ ಇಬ್ಬರದ್ದೂ ಹಾಕಿದ್ದರು. ಕೇಳಿದ್ದಕ್ಕೆ ಯಜಮಾನ್ತಿಗೆ ಸ್ವಲ್ಪ ಮುಖ ಸಣ್ಣದಾಯಿತು, 300ಕ್ಕೆ ಇಳಿಸಿದರು. ಕಾಫಿ ಬಹಳ ಚೆನ್ನಾಗಿತ್ತು, ಹಿತ್ತಾಳೆ ಫಿಲ್ಟರಿನದ್ದು. ಅಕ್ಕಿ ರೊಟ್ಟಿ ಚೆನ್ನ. ಚಟ್ನಿಗೆ ಹುಣಸೆ ಜಾಸ್ತಿ. ನಾಲ್ಕನೇ ದಿನ ಮಾತ್ರ ದೊಡ್ಡ ಅನಾಹುತ ಆಗುವುದರಲ್ಲಿತ್ತು. ಘಮಘಮ ಮೂಲಂಗಿ ಹುಳಿ ಬಡಿಸಿದರು! ಮಾಘಸ್ನಾನ ಮಾಡೋರಿಗೆ ಎಲ್ಲ ತರಕಾರಿಗಿಂತ ಮೂಲಂಗಿಯೇ ನಿಷಿದ್ಧ. ಅತ್ತೆ ಅನ್ನದ ತಟ್ಟೆಯನ್ನು ಒಂದು ಗೇಣು ದೂರ ತಳ್ಳಿ, ಮಜ್ಜಿಗೆ ಕೇಳಿದರು. ಪಾಪ, ಯಜಮಾನ್ತಿ ಸಂಜೆ ಸಂತೆಯಿಂದ ತಂದಿದ್ದ ಮೂಲಂಗಿ ಕಟ್ಟನ್ನೆಲ್ಲ ಗಿರಣಿಯವರ ಮನೆಗೆ ಕೊಟ್ಟು ಬಂದರು. ಆಮೇಲೆ ನಾವಿರುವವರೆಗೆ ಆ ಅಡುಗೆಮನೆಗೆ ಮೂಲಂಗಿ ಬರಲಿಲ್ಲ. ಅದು ನನಗಿಷ್ಟದ ಹುಳಿ, ಯಾರಿಗೆ ಹೇಳೋದು.

ಹಗಲು ಏನು ಮಾಡೋದು ಅಂತ ಕೇಳುವವರಿಗೆ: ಕಪಿಲೆಯ ದಡದಲ್ಲೇ ಗುಂಜಾ ನರಸಿಂಹ ಇದ್ದಾನೆ. ಕೈಯಲ್ಲಿ ಗುಲಗಂಜಿ ಹಿಡಿದ ನರಸಿಂಹ. ಗುಡಿ ಕಟ್ಟಿಸಿದ ಅಗಸನೊಬ್ಬ ಕಾಶಿಗೆ ಹೊರಟನಂತೆ. ಇಲ್ಲೇ ಸ್ನಾನ ಮಾಡು, ಈ ಜಾಗ ಕಾಶಿಗಿಂತ ಒಂದು ಗುಲಗಂಜಿ ತೂಕ ಜಾಸ್ತಿ ಅಂದನಂತೆ ಸ್ವಾಮಿ. ಹಿಂದೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದದ್ದು ಇದೇ ಗುಲಗಂಜಿಯಲ್ಲಿ. ದೇವರು ಜಾಸ್ತಿ ಬೆಲೆ ಹೇಳಲಿಲ್ಲ ಅನ್ನೋದು ನನಗೆ ಹಿಡಿಸಿತು. ಸಂಗಮದ ಕಡೆ ಅಗಸ್ತ್ಯೇಶ್ವರ ಇದೆ. ಸೋಮನಾಥಪುರ, ತಲಕಾಡು ಎರಡೂ ಹತ್ತಿರ. ಅತ್ತೆ ಎಲ್ಲಿಗೂ ಬರಲಿಲ್ಲ, "ನಾನು ಟೂರಿಗೆ ಬಂದಿಲ್ಲ" ಅಂದರು. ಮೈಸೂರಿಂದ ಬಸ್ಸಿಗೆ ಬರ ಇಲ್ಲ, ಒಂದು ಗಂಟೆ ದಾರಿ.

ಅಮಾವಾಸ್ಯೆಯ ದಿನ ಪ್ರಯಾಗದಲ್ಲಿ ಮೌನಿ ಅಮಾವಾಸ್ಯೆ, ನಮ್ಮ ಕಡೆ ಪುರಂದರದಾಸರ ಆರಾಧನೆ. ಅಲ್ಲಿ ಮೌನ, ಇಲ್ಲಿ ಹಾಡು. ಯಜಮಾನರು ಸಂಜೆ ತಂಬೂರಿ ತೆಗೆದರು. ಕಿವಿ ಮಂದ ಅಂದೆನಲ್ಲ, ಶ್ರುತಿ ಮಾತ್ರ ಕೂದಲಷ್ಟೂ ಆಚೀಚೆ ಇಲ್ಲ.

ರಥಸಪ್ತಮಿ ಜನವರಿ 25, ಭಾನುವಾರ. ಏಳು ಎಕ್ಕದ ಎಲೆ ಬೇಕು ಅಂತ ಹಿಂದಿನ ದಿನ ನಾನು ಎಲ್ಲ ಕಡೆ ಹುಡುಕಿ ಸುಸ್ತಾಗಿದ್ದೆ. ಬೆಳಗ್ಗೆ ಎದ್ದು ನೋಡಿದರೆ ನಮ್ಮ ಬಾಗಿಲ ಮುಂದೆ ತಟ್ಟೆಯಲ್ಲಿ ಹದಿನಾಲ್ಕು ಎಲೆ. ಮನೆಯ ಮೊಮ್ಮಗ ಬೈಪಾಸ್ ಪಕ್ಕದಿಂದ ಕಿತ್ತು ತಂದಿದ್ದ. ತಲೆಗೆ ಒಂದು, ಭುಜಕ್ಕೆ ಎರಡು, ಮಂಡಿಗೆ ಎರಡು, ಪಾದಕ್ಕೆ ಎರಡು ಇಟ್ಟು ನೀರು ಹಾಕಿದೆ. ಅತ್ತೆಯ ತಲೆಯ ಮೇಲಿನ ಎಲೆ ಜಾರಿ ನೀರಿಗೆ ಬಿದ್ದು, ದೋಣಿ ಹಾಗೆ ತಿರುಗುತ್ತಾ ಹೋಯಿತು. ಕಣ್ಣಿಗೆ ಕಾಣುವಷ್ಟು ದೂರ ನೋಡಿದರು. ಬಿಲ್ಲಿನಲ್ಲಿ ಎಕ್ಕದ ಎಲೆ ಇರಲಿಲ್ಲ.

ಬೇಸರದ ಸಂಗತಿಗಳೂ ಇವೆ. ಎಂಟನೇ ದಿನ ಗೀಸರ್ ಕೆಟ್ಟಿತು. ನನಗೆ ನೆಗಡಿ ಹಿಡಿದು ಒಂದು ದಿನ ಬಿಸಿನೀರು ಬೇಕಾಗಿದ್ದದ್ದು ಅವತ್ತೇ. ಹಂಡೆ ಒಲೆ ಹಚ್ಚಿಕೊಟ್ಟರು ಅನ್ನಿ. ಗಿರಣಿ ಬೆಳಗ್ಗೆ ಎಂಟಕ್ಕೆ ಶುರುವಾದರೆ ಜಪ ಮಾಡೋಕೆ ಆಗೋದಿಲ್ಲ. ಕೊನೆಯ ಭಾನುವಾರ ಹುಣ್ಣಿಮೆಗೆ ಜನವೋ ಜನ. ಮನೆಯವರು ಜಗಲಿಯನ್ನೂ ಬಾಡಿಗೆಗೆ ಬಿಟ್ಟಿದ್ದರು, ನಮ್ಮ ಒಣ ಬಚ್ಚಲ ಮುಂದೆ ಸಾಲು ನಿಂತಿತ್ತು. ಮೊದಲೇ ಹೇಳಬಹುದಿತ್ತು. 1989ರಿಂದ ಇಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತದೆ, ಹಿಂದಿನದು 2025ರ ಫೆಬ್ರವರಿಯಲ್ಲಿ ಆಯಿತು. ಲೆಕ್ಕದ ಪ್ರಕಾರ ಮುಂದಿನದು 2028. ವಯಸ್ಸಾದವರ ಜೊತೆ ಬರುವುದಾದರೆ ಮುಂದಿನ ವರ್ಷವೇ ಬನ್ನಿ.

ನಾನು ಐದಕ್ಕೆ ಮೂರೂವರೆ ಕೊಡುತ್ತೇನೆ. ಅತ್ತೆಯನ್ನು ಕೇಳಿದೆ. "ನಾಲ್ಕು, ಮೇಲೊಂದು ಗುಲಗಂಜಿ" ಅಂದರು.

ಹೊರಡುವಾಗ ಅಡ್ವಾನ್ಸ್ ವಾಪಸ್ ಕೊಟ್ಟರು, 80 ರೂಪಾಯಿ ಮುರಿದುಕೊಂಡು. ಒಡೆದ ಪ್ಲಾಸ್ಟಿಕ್ ಮಗ್ಗಿಗಂತೆ. ಒಡೆದದ್ದು ಅತ್ತೆಯೇ, ನಾನು ಏನೂ ಹೇಳುವಂತಿರಲಿಲ್ಲ.