ಜಿಂಕೆ ಬೇಟೆಗೆ ಕಾರ್ಡ್ ಕ್ಯಾಮೆರಾನಾ, ಸಿಮ್ ಕ್ಯಾಮೆರಾನಾ?

ಅಮೆರಿಕದ ವಿಸ್ಕಾನ್ಸಿನ್ ಕಡೆ ಲೈಸೆನ್ಸ್ ಪಡೆದು ಬಿಳಿಬಾಲದ ಜಿಂಕೆ ಬೇಟೆಗೆ ಇಳಿಯುವವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. (ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ, ಇದು ಅಲ್ಲಿನ ಮಾತು.) ಮರಕ್ಕೆ ಕಟ್ಟಿಟ್ಟರೆ ಪ್ರಾಣಿ ಹಾದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾಗಳಿವು: ಕಾರ್ಡಿನದು ಫೋಟೊವನ್ನು ಒಳಗಿನ ಮೆಮೊರಿ ಕಾರ್ಡಿನಲ್ಲಿ ಇಟ್ಟುಕೊಳ್ಳುತ್ತದೆ, ಸಿಮ್‌ನದು ಮೊಬೈಲ್ ನೆಟ್‌ವರ್ಕ್ ಮೂಲಕ ಫೋನಿಗೆ ಕಳಿಸುತ್ತದೆ. ಎರಡನ್ನೂ ಒಂದೇ ಕಾಡಿನಲ್ಲಿ ಕಟ್ಟಿ ನೋಡಿದರೆ ಲೆಕ್ಕ ಸಿಗುತ್ತದೆ: ಹೊಲದಂಚಿಗೆ ಕಾರ್ಡ್, ಜಿಂಕೆ ಮಲಗುವ ಪೊದೆಯ ಹತ್ತಿರಕ್ಕೆ ಸಿಮ್.

ಕಾರಣ ಮನುಷ್ಯನ ವಾಸನೆ. ಕಾರ್ಡ್ ಬದಲಿಸಲು ಹೋದಾಗಲೆಲ್ಲ ದಾರಿಯುದ್ದಕ್ಕೂ ವಾಸನೆ ಉಳಿಯುತ್ತದೆ. ಪೊದೆಯ ಬಳಿ ಹೀಗೆ ಎರಡು ಮೂರು ಸಲ ಓಡಾಡಿದರೆ ದೊಡ್ಡ ಗಂಡು ಹಗಲು ಹೊರಗೆ ಬರುವುದನ್ನೇ ಬಿಟ್ಟುಬಿಡಬಹುದು. ಹೊಲದಂಚಿನಲ್ಲಿ ಆ ಭಯ ಕಡಿಮೆ. ನಡುಮಧ್ಯಾಹ್ನ ಹೋಗಿ ಬಂದರಾಯಿತು.

ಸಿಮ್‌ನ ತೊಂದರೆ ಸಿಗ್ನಲ್. ಹಳ್ಳದ ತಗ್ಗಿನಲ್ಲಿ ಸಿಗ್ನಲ್ ಕ್ಷೀಣವಾದರೆ ಮೋಡೆಮ್ ಮತ್ತೆಮತ್ತೆ ಹುಡುಕುತ್ತಾ ಬ್ಯಾಟರಿ ಕುಡಿದುಹಾಕುತ್ತದೆ. ನವೆಂಬರ್ ಚಳಿಗೆ ಆಲ್ಕಲೈನ್ ಸೆಲ್ ಬೇಗ ಸೋಲುತ್ತದೆ, ಲಿಥಿಯಂ ಹಾಕಿ. ತಿಂಗಳ ಪ್ಲಾನಿನ ಖರ್ಚು ಬೇರೆ. ಫೋನಿಗೆ ಬರುವುದು ಕುಗ್ಗಿಸಿದ ಚಿತ್ರವಾದ್ದರಿಂದ ಕೊಂಬಿನ ಕವಲು ಎಣಿಸಲು ಕಷ್ಟ.

ಕಟ್ಟುವ ಕ್ರಮ ಎರಡಕ್ಕೂ ಒಂದೇ. ನೆಲದಿಂದ ಸುಮಾರು 3 ಅಡಿ ಎತ್ತರ, ಮುಖ ಉತ್ತರಕ್ಕೆ. ಪೂರ್ವ ಪಶ್ಚಿಮಕ್ಕಿಟ್ಟರೆ ಬಿಸಿಲು ನೇರ ಲೆನ್ಸಿಗೆ ಹೊಡೆದು ಚಿತ್ರ ಬೆಳ್ಳಗಾಗುತ್ತದೆ. ಜಾಡಿಗೆ ಅಡ್ಡವಾಗಿ ಬೇಡ, 45 ಡಿಗ್ರಿ ಓರೆಯಾಗಿರಲಿ. ಅಡ್ಡವಿಟ್ಟರೆ ಶಟರ್ ಬೀಳುವಷ್ಟರಲ್ಲಿ ಜಿಂಕೆ ದಾಟಿ, ಬರೀ ಬಾಲ ಸಿಗುತ್ತದೆ. ಎದುರಿನ ಹುಲ್ಲು ಕತ್ತರಿಸಿ. ಬಿಸಿಲಿಗೆ ಕಾದ ಒಂದೇ ಒಂದು ಎಸಳು ಗಾಳಿಗೆ ತೂಗಿದರೂ ನೂರಾರು ಖಾಲಿ ಫೋಟೊ ತುಂಬುತ್ತವೆ. ತೆಳ್ಳನೆಯ ಮರಕ್ಕೆ ಕಟ್ಟಿದರೂ ಇದೇ ಪಾಡು. ಕಾರ್ಡನ್ನು ಕಂಪ್ಯೂಟರಿನಲ್ಲಲ್ಲ, ಆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ಜಾಗ ಹುಡುಕಲು ಬಿಳಿ ಓಕ್ ಮರ ನೋಡಿ. ಅದರ ಕಾಯಿಯಲ್ಲಿ ಕೆಂಪು ಓಕ್‌ಗಿಂತ ಒಗರು ಕಡಿಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಅದು ಉದುರತೊಡಗಿದರೆ ಜಿಂಕೆ ಹೊಲ ಬಿಟ್ಟು ಅಲ್ಲಿಗೆ ತಿರುಗುತ್ತದೆ.

ಹವಾಮಾನದ ವಿಷಯದಲ್ಲಿ ಕಾರ್ಡ್ ಕ್ಯಾಮೆರಾವೇ ಒಳ್ಳೆಯ ಗುರು ಎನ್ನಬೇಕು. ಆದರೆ ಫೋಟೊದಲ್ಲಿ ಗಾಳಿಯ ದಿಕ್ಕು ಇರುವುದಿಲ್ಲ, ಅದನ್ನು ನೀವೇ ಸೇರಿಸಬೇಕು. ಪ್ರತಿ ಹಗಲಿನ ಫೋಟೊ ಪಕ್ಕ ಆ ಗಂಟೆಯ ಗಾಳಿ, ಉಷ್ಣಾಂಶವನ್ನು ಹವಾಮಾನ ದಾಖಲೆಯಿಂದ ಬರೆದಿಡಿ. ಕ್ಯಾಮೆರಾ ತೋರಿಸುವ ಉಷ್ಣಾಂಶ ನಂಬಬೇಡಿ, ಬಿಸಿಲು ಬಿದ್ದರೆ ಅದು ಏರಿರುತ್ತದೆ. ಒಂದು ಋತು ಬರೆದರೆ ಯಾವ ಗಾಳಿಗೆ ಯಾವ ಜಾಡು ಎಂಬುದು ಗೊತ್ತಾಗುತ್ತದೆ. ಸಿಮ್‌ನಲ್ಲಿ ಬಂದ ಫೋಟೊ ನೋಡಿ ಆಗಲೇ ಓಡಿದರೆ ನೀವು ತಲುಪುವಷ್ಟರಲ್ಲಿ ಜಿಂಕೆ ಇರುವುದಿಲ್ಲ. ಸಿಮ್‌ನ ನಿಜವಾದ ಉಪಯೋಗ ತಿಳಿಯುವುದು ನವೆಂಬರ್ ಮೊದಲ ಎರಡು ವಾರದ ಬೆದೆಗಾಲದಲ್ಲಿ: ಗಂಡು ದಿನದಿನಕ್ಕೂ ಜಾಗ ಬದಲಿಸುವಾಗ ಹಳೆಯ ಕಾರ್ಡ್ ಹೆಚ್ಚು ನೆರವಾಗದು.

ನಿಯಮ ಮೊದಲು ಓದಿಕೊಳ್ಳಿ. ಅರಿಝೋನಾದಲ್ಲಿ ಬೇಟೆಗೆ ಇಂಥ ಕ್ಯಾಮೆರಾ ಬಳಸುವುದನ್ನು 2022ರ ಜನವರಿ 1ರಿಂದ ನಿಷೇಧಿಸಲಾಗಿದೆ, ಸಿಮ್ ಇರಲಿ ಬಿಡಲಿ.

ನಾಲ್ಕು ಕೊಳ್ಳುವಷ್ಟು ದುಡ್ಡಿದ್ದರೆ ಮೂರು ಕಾರ್ಡ್, ಒಂದು ಸಿಮ್. ಆ ಒಂದನ್ನು ಬೇಸಿಗೆಯಲ್ಲೇ ಕಟ್ಟಿ, ಬೇಟೆ ಮುಗಿಯುವ ತನಕ ಮುಟ್ಟಬೇಡಿ.