ಕನ್ನಡದ ಬ್ಲಾಗಿಗೆ ಯಾವ ಜಾಗ ಒಳ್ಳೆಯದು? ನಾಲ್ಕು ಕಡೆ ಬರೆದು ನೋಡಿದ ಮೇಲೆ

ಗೂಗಲ್‌ನ ಬ್ಲಾಗರ್, ವರ್ಡ್‌ಪ್ರೆಸ್ ಡಾಟ್ ಕಾಮ್ ತಾಣ, ಸ್ವಂತ ಹೋಸ್ಟಿಂಗ್ (ದುಡ್ಡು ಕೊಟ್ಟು ಪಡೆದ ಸರ್ವರ್ ಜಾಗ) ಮೇಲಿನ ವರ್ಡ್‌ಪ್ರೆಸ್ ತಂತ್ರಾಂಶ, ಆಮೇಲೆ ಸಾದಾ ಫೈಲ್‌ಗಳಿಂದ ಬ್ಲಾಗ್ ಪುಟ ಕಟ್ಟಿಕೊಡುವ ಹ್ಯೂಗೋ ತಂತ್ರಾಂಶ. ಈ ನಾಲ್ಕರಲ್ಲೂ ನಾನು ಕನ್ನಡದಲ್ಲೇ ಬರೆದಿದ್ದೇನೆ. ಮಲೆನಾಡಿನ ಅಡುಗೆ, ಮಳೆಗಾಲ, ತೋಟದ ಕೆಲಸ ನನ್ನ ವಿಷಯಗಳು. ಇಂಗ್ಲಿಷ್‌ನಲ್ಲಿ ಇವುಗಳ ಹೋಲಿಕೆ ಬೇಕಾದಷ್ಟು ಸಿಗುತ್ತದೆ. ಅಲ್ಲೆಲ್ಲ ವೇಗ ಎಷ್ಟು, ದುಡ್ಡು ಎಷ್ಟು ಬರುತ್ತದೆ ಅನ್ನುವುದೇ ಮಾತು. ಕನ್ನಡದಲ್ಲಿ ಬರೆಯುವವರಿಗೆ ಮೊದಲು ಗೊತ್ತಾಗಬೇಕಾದ ಸಂಗತಿಗಳು ಬೇರೆ ಇವೆ. ಲಿಂಕ್ ಹೇಗೆ ಬರುತ್ತದೆ? ಒತ್ತಕ್ಷರ ಸರಿಯಾಗಿ ಕಾಣುತ್ತದಾ? ನಾಳೆ ಬೇರೆ ಕಡೆ ಹೋಗಬೇಕು ಅಂದರೆ ಬರೆದದ್ದನ್ನೆಲ್ಲ ಎತ್ತಿಕೊಂಡು ಹೊರಡಬಹುದಾ?

ಫೇಸ್‌ಬುಕ್ ಇರುವಾಗ ಬ್ಲಾಗ್ ಯಾಕೆ ಅಂತ ಕೇಳುವವರು ಜಾಸ್ತಿ. ಫೇಸ್‌ಬುಕ್‌ನಲ್ಲಿ ಉದ್ದದ ಬರಹಕ್ಕೆ ನೋಟ್ಸ್ ಅಂತ ಒಂದು ವಿಭಾಗ ಇತ್ತು. ಕನ್ನಡದವರೂ ಅಲ್ಲಿ ಬರೆಯುತ್ತಿದ್ದರು. 2020ರ ಅಕ್ಟೋಬರ್ ಕೊನೆಗೆ ಹೊಸ ನೋಟ್ಸ್ ಬರೆಯುವುದನ್ನು ನಿಲ್ಲಿಸಿಬಿಟ್ಟರು. ಪೋಸ್ಟ್ ಹಾಕಿದರೆ ಎರಡು ದಿನಕ್ಕೆ ಕೆಳಗೆ ಜಾರಿ ಹೋಗುತ್ತದೆ. ಎರಡು ವರ್ಷದ ಹಿಂದೆ ಬರೆದದ್ದನ್ನು ನಾವೇ ಹುಡುಕಿ ತೆಗೆಯುವುದು ಕಷ್ಟ. ಹಾಗಾಗಿ ಈ ಹೋಲಿಕೆಯಲ್ಲಿ ಅದನ್ನು ಸೇರಿಸಿಲ್ಲ.

ಲಿಂಕ್‌ನಿಂದ ಶುರು ಮಾಡೋಣ. ಎದ್ದು ಕಾಣುವ ವ್ಯತ್ಯಾಸ ಇರುವುದು ಇಲ್ಲೇ.

ಬ್ಲಾಗರ್‌ನಲ್ಲಿ ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಅದರಿಂದ ಲಿಂಕ್ ಕಟ್ಟಲು ಆ ವ್ಯವಸ್ಥೆಗೆ ಬರುವುದಿಲ್ಲ. ಕನ್ನಡ ಅಕ್ಷರಗಳನ್ನು ಪೂರಾ ಬಿಟ್ಟು, ಬರೀ ‘ಬ್ಲಾಗ್ ಪೋಸ್ಟ್’ ಅಂತ ಇಂಗ್ಲಿಷ್‌ನಲ್ಲಿ ಹಾಕಿ, ಮುಂದೆ ಒಂದು ಅಂಕಿ ಸೇರಿಸುತ್ತದೆ. ಹಲಸಿನ ಕಡುಬಿಗೂ ಅದೇ ಹೆಸರು, ಅಡಿಕೆ ಕೊಳೆರೋಗಕ್ಕೂ ಅದೇ ಹೆಸರು. ಇದಕ್ಕೆ ಪರಿಹಾರ ಇದೆ. ಪ್ರಕಟಿಸುವ ಮೊದಲು ಪಕ್ಕದ ಸೆಟ್ಟಿಂಗ್‌ನಲ್ಲಿ ಪರ್ಮಾಲಿಂಕ್ ತೆರೆದು, ಇಂಗ್ಲಿಷ್ ಅಕ್ಷರದಲ್ಲಿ ನಾವೇ ಹೆಸರು ಕೊಡಬಹುದು. ಅದನ್ನು ಪ್ರಕಟಿಸುವ ಮುಂಚೆಯೇ ಮಾಡಬೇಕು, ಆಮೇಲೆ ಬದಲಿಸುವುದು ರಗಳೆ.

ವರ್ಡ್‌ಪ್ರೆಸ್ ಇದಕ್ಕೆ ತದ್ವಿರುದ್ಧ. ಕನ್ನಡ ಶೀರ್ಷಿಕೆಯನ್ನು ಹಾಗೇ ಲಿಂಕ್ ಮಾಡುತ್ತದೆ. ಬ್ರೌಸರ್‌ನ ಮೇಲ್ಗಡೆ ಕನ್ನಡದ ವಿಳಾಸ ನೋಡಿದರೆ ಖುಷಿಯಾಗುತ್ತದೆ. ಆದರೆ ಅದನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಶೇಕಡಾ ಚಿಹ್ನೆಗಳ ಮಾಲೆ. ಲಿಂಕ್‌ಗೆ ಬಳಸುವ ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಚಿಹ್ನೆಯೂ ಮೂರು ಬೈಟ್. ಲಿಂಕ್‌ನಲ್ಲಿ ಒಂದೊಂದು ಬೈಟ್‌ಗೆ ಮೂರು ಅಕ್ಷರ ಬೇಕು, ಅಂದರೆ ಒಂದು ಚಿಹ್ನೆಗೆ ಒಂಬತ್ತು. ‘ಮಳೆ’ ಅಂದರೆ ಮ, ಳ, ಎತ್ವ. ಅಷ್ಟಕ್ಕೇ 27 ಅಕ್ಷರ ಖರ್ಚು. ಇದರ ಮೇಲೆ ಲಿಂಕ್‌ನಲ್ಲಿ ಶೀರ್ಷಿಕೆಯಿಂದ ಬರುವ ಭಾಗಕ್ಕೆ (ಇದಕ್ಕೆ ಸ್ಲಗ್ ಅನ್ನುತ್ತಾರೆ) ವರ್ಡ್‌ಪ್ರೆಸ್ 200 ಅಕ್ಷರದ ಮಿತಿ ಇಟ್ಟಿದೆ. ಗುಣಿತದ ಗುರುತು, ಒತ್ತಕ್ಷರ ಕೂಡಿಸುವ ಗುರುತು (್) ಎಲ್ಲ ಸೇರಿ 22 ಚಿಹ್ನೆಗೆ ಅದು ಮುಗಿಯುತ್ತದೆ. ‘ಮಲೆನಾಡಿನ ಹಲಸಿನ ಹಣ್ಣಿನ ಕಡುಬು ಮಾಡುವ ವಿಧಾನ’ ಅಂತ ಶೀರ್ಷಿಕೆ ಕೊಟ್ಟರೆ ಲಿಂಕ್ ‘ಹಣ್ಣಿನ ಕಡ’ ಎಂಬಲ್ಲಿಗೆ ತುಂಡಾಗುತ್ತದೆ. ಅಂಥ ಲಿಂಕ್ ಕಳಿಸಿದರೆ ವೈರಸ್ ಇರಬೇಕು ಅಂತ ಎಷ್ಟೋ ಜನ ಮುಟ್ಟುವುದೇ ಇಲ್ಲ. ಹಾಗಾಗಿ ಇಲ್ಲೂ ಸ್ಲಗ್ ಅನ್ನು ಕೈಯಾರೆ ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲಿ ಕೊಡುವುದೇ ಮೇಲು. ಹ್ಯೂಗೋದಲ್ಲಿ ಈ ಚಿಂತೆ ಇಲ್ಲ. ಫೈಲ್‌ಗೆ ಇಟ್ಟ ಹೆಸರೇ ಲಿಂಕ್.

ಈಗ ಅಕ್ಷರದ ಅಂದಕ್ಕೆ ಬರೋಣ. ಸಿದ್ಧ ಥೀಮ್‌ಗಳನ್ನು, ಅಂದರೆ ಬ್ಲಾಗಿನ ಪುಟವಿನ್ಯಾಸಗಳನ್ನು, ಹೆಚ್ಚಾಗಿ ಇಂಗ್ಲಿಷ್ ಅಕ್ಷರ ನೋಡಿಕೊಂಡೇ ಮಾಡಿರುತ್ತಾರೆ. ಶೀರ್ಷಿಕೆಯ ಸಾಲುಗಳ ನಡುವೆ ಅಂತರ ಕಮ್ಮಿ. ಮೇಲಿನ ಸಾಲಿನಲ್ಲಿ ‘ರಾಷ್ಟ್ರ’, ‘ಸ್ತ್ರೀ’ ತರಹದ ಪದ ಬಂದರೆ ಒತ್ತುಗಳು ಕೆಳಗಿಳಿದು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ. ಇನ್ನೊಂದು, ಉಲ್ಲೇಖದ ಭಾಗಗಳನ್ನು ಈ ಥೀಮ್‌ಗಳು ಓರೆ ಅಕ್ಷರದಲ್ಲಿ ತೋರಿಸುತ್ತವೆ. ನಾವು ಸಾಮಾನ್ಯವಾಗಿ ಬಳಸುವ ಕನ್ನಡ ಫಾಂಟ್‌ಗಳಲ್ಲಿ ಓರೆ ರೂಪ ಇರುವುದಿಲ್ಲ. ಬ್ರೌಸರ್ ಅಕ್ಷರವನ್ನು ಬಲವಂತವಾಗಿ ಬಗ್ಗಿಸುತ್ತದೆ. ಅಜ್ಜಿಯ ಮಾತೊಂದನ್ನು ಹಾಗೆ ಬಗ್ಗಿದ ಅಕ್ಷರದಲ್ಲಿ ನೋಡಿದಾಗ ನನಗೆ ನಿಜಕ್ಕೂ ಬೇಜಾರಾಗಿತ್ತು.

ಇಲ್ಲಿ ಬ್ಲಾಗರ್ ಗೆಲ್ಲುತ್ತದೆ. ಒಂದು ಪೈಸೆ ಕೊಡದೆ ಇಡೀ ಥೀಮ್ ತೆರೆದು ತಿದ್ದಬಹುದು. ನಾನು ಬರಹಕ್ಕೆ ನೋಟೋ ಸೆರಿಫ್ ಕನ್ನಡ ಫಾಂಟ್ ಹಾಕಿ, ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.8 ಪಟ್ಟು ಮಾಡಿ, ಓರೆ ಅಕ್ಷರ ತೆಗೆದು ಹಾಕಿದೆ. ತಿರೋ ಕನ್ನಡವೂ ಚೆನ್ನಾಗಿದೆ. ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲಿ ನಾನಿದ್ದಾಗ ಉಚಿತ ಖಾತೆಗೆ ಇಷ್ಟು ಸ್ವಾತಂತ್ರ್ಯ ಇರಲಿಲ್ಲ. ಪುಟದ ಅಂದ ನಿರ್ಧರಿಸುವ ಕೋಡ್ ಸಿಎಸ್‌ಎಸ್, ಅದನ್ನು ತಿದ್ದಲು ದುಡ್ಡು ಕಟ್ಟಬೇಕಿತ್ತು. ಸ್ವಂತ ಡೊಮೇನ್‌ಗೂ (ನಮ್ಮದೇ ಹೆಸರಿನ ವಿಳಾಸಕ್ಕೂ) ಅಷ್ಟೇ, ಪ್ಲಾನ್ ಕೊಳ್ಳಬೇಕು. ಉಚಿತವಾಗಿ ಇದ್ದರೆ ನಮ್ಮ ಬರಹದ ನಡುವೆ ಅವರ ಜಾಹೀರಾತು. ಆದರೆ ಅದರ ಮೊಬೈಲ್ ಆ್ಯಪ್ ಬಹಳ ಚೆನ್ನಾಗಿದೆ. ನೆಟ್‌ವರ್ಕ್ ಇಲ್ಲದ ತೋಟದಲ್ಲಿ ಕೂತು ಬರೆದಿಟ್ಟು, ರಸ್ತೆಗೆ ಬಂದ ಮೇಲೆ ಹಾಕಬಹುದು. ಮಲೆನಾಡಿನಲ್ಲಿ ಇರುವವರಿಗೆ ಇದು ಸಣ್ಣ ವಿಷಯ ಅಲ್ಲ.

ಸ್ವಂತ ಹೋಸ್ಟಿಂಗ್ ಅಂದರೆ ಸ್ವಂತ ತೋಟ ಇದ್ದಂಗೆ. ಬೇಕಾದ್ದು ಬೆಳೆಯಬಹುದು, ಕಳೆ ಕೀಳುವವರೂ ನಾವೇ. ವರ್ಡ್‌ಪ್ರೆಸ್ ತಂತ್ರಾಂಶ 2003ರಿಂದ ಉಚಿತವಾಗಿಯೇ ಇದೆ. ಡೊಮೇನ್‌ಗೆ, ಹೋಸ್ಟಿಂಗ್‌ಗೆ ಪ್ರತಿ ವರ್ಷ ದುಡ್ಡು. ಮೊದಲ ವರ್ಷ ಕಮ್ಮಿ ಹೇಳಿ, ನವೀಕರಣಕ್ಕೆ ಜಾಸ್ತಿ ಕೇಳುವ ಕಂಪನಿಗಳೇ ಹೆಚ್ಚು. ಹೆಚ್ಚಿನ ಸೌಲಭ್ಯಕ್ಕೆ ಹಾಕಿಕೊಳ್ಳುವ ಪ್ಲಗಿನ್‌ಗಳ ಅಪ್‌ಡೇಟ್, ಬ್ಯಾಕಪ್, ಸ್ಪ್ಯಾಮ್ ಎಲ್ಲ ನಮ್ಮ ತಲೆಗೆ. ನನ್ನ ಹೋಸ್ಟಿಂಗ್ ಕಂಪನಿ ಒಮ್ಮೆ ಸರ್ವರ್ ಬದಲಿಸಿತು. ಬೆಳಗ್ಗೆ ನೋಡಿದರೆ ಕನ್ನಡ ಇದ್ದ ಜಾಗದಲ್ಲೆಲ್ಲ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ಬರಹಗಳೆಲ್ಲ ಇರುವ ಡೇಟಾಬೇಸ್ ಸಾಗಿಸುವಾಗ ಅಕ್ಷರಗಳ ಎನ್‌ಕೋಡಿಂಗ್ (ಕಂಪ್ಯೂಟರ್ ಅಕ್ಷರವನ್ನು ಉಳಿಸಿಡುವ ರೀತಿ) ತಪ್ಪಿತ್ತು. ಇಂಗ್ಲಿಷ್ ಬರಹಕ್ಕೆ ಏನೂ ಆಗಿರಲಿಲ್ಲ, ಹಾಗಾಗಿ ಅವರಿಗೆ ಸಮಸ್ಯೆಯೇ ಅರ್ಥವಾಗಲಿಲ್ಲ. ನನ್ನ ಹತ್ತಿರ ಹಳೆಯ ಬ್ಯಾಕಪ್ ಇದ್ದದ್ದಕ್ಕೆ ಬರಹ ಉಳಿಯಿತು. ಒಮ್ಮೆ ಪ್ರಶ್ನಾರ್ಥಕ ಚಿಹ್ನೆಯಾಗಿ ಸೇವ್ ಆದ ಅಕ್ಷರ ವಾಪಸ್ ಬರುವುದಿಲ್ಲ.

ಅದಾದ ಮೇಲೆ ಹ್ಯೂಗೋ ನೋಡಿದೆ. ಇಲ್ಲಿ ಡೇಟಾಬೇಸೇ ಇಲ್ಲ. ಒಂದೊಂದು ಬರಹವೂ ಒಂದು ಸಾದಾ ಫೈಲ್. ವೆಬ್ ಪುಟಗಳನ್ನು ಉಚಿತವಾಗಿ ಇಡಲು ಬಿಡುವ ಗಿಟ್‌ಹಬ್ ಪೇಜಸ್‌ನಲ್ಲಿ ಇಟ್ಟರೆ ಹೋಸ್ಟಿಂಗ್ ಖರ್ಚೂ ಇಲ್ಲ, ಒಂದು ಜಿಬಿ ಒಳಗೆ ಇರಬೇಕು ಅಷ್ಟೆ. ಪುಟ ತಕ್ಷಣ ತೆರೆಯುತ್ತದೆ. ನನಗೆ ತುಂಬಾ ಇಷ್ಟವಾದದ್ದು ಇದು. ಆದರೆ ಕಮಾಂಡ್ ಟೈಪ್ ಮಾಡಲು ಹೆದರುವವರಿಗೆ, ಮೊಬೈಲ್‌ನಲ್ಲೇ ಬರೆಯುವವರಿಗೆ ನಾನು ಇದನ್ನು ಹೇಳುವುದಿಲ್ಲ. ಒಂದು ಅಕ್ಷರ ತಿದ್ದಬೇಕಾದರೂ ಲ್ಯಾಪ್‌ಟಾಪ್ ತೆಗೆಯುವ ಹಾಗಾಗುತ್ತದೆ. ಕಾಮೆಂಟ್ ವ್ಯವಸ್ಥೆಯೂ ಇದರಲ್ಲಿ ತಾನಾಗಿ ಬರುವುದಿಲ್ಲ.

ಕಾಮೆಂಟ್ ಬೇಡ ಅನ್ನುವವರು ಈಗ ಬಹಳ ಜನ. ನಾನು ಒಪ್ಪುವುದಿಲ್ಲ. ಬಾಳೆ ಎಲೆಯಲ್ಲಿ ಕಡುಬು ಬೇಯಿಸುವುದನ್ನು ಬ್ಲಾಗರ್‌ನಲ್ಲಿ ಬರೆದಾಗ ದಕ್ಷಿಣ ಕನ್ನಡದ ಓದುಗರೊಬ್ಬರು, ‘ನಮ್ಮಲ್ಲಿ ಹಲಸಿನ ಗಟ್ಟಿಗೆ (ಕಡುಬಿಗೆ) ಸಾಗುವಾನಿ ಎಲೆ, ಅದರ ಕೆಂಪು ಗಟ್ಟಿಗೂ ಇಳಿಯುತ್ತೆ, ಒಮ್ಮೆ ಮಾಡಿ ನೋಡಿ ಅಕ್ಕಾ’ ಅಂತ ಬರೆದರು. ನನ್ನ ಬರಹಕ್ಕಿಂತ ಆ ಎರಡು ಸಾಲಿನ ತೂಕ ಜಾಸ್ತಿ. ಕಾಮೆಂಟ್‌ಗೆ ಬ್ಲಾಗರ್, ವರ್ಡ್‌ಪ್ರೆಸ್ ಎರಡೂ ಸರಿ. ಅವುಗಳ ಸ್ವಂತ ಕಾಮೆಂಟ್ ವ್ಯವಸ್ಥೆಯನ್ನೇ ಬಳಸಿ. ಬ್ಲಾಗರ್‌ನಲ್ಲಿ ಗೂಗಲ್‌ನ ಸಾಮಾಜಿಕ ಜಾಲತಾಣ ಗೂಗಲ್ ಪ್ಲಸ್‌ನ ಕಾಮೆಂಟ್ ಜೋಡಿಸಿಕೊಂಡವರು 2019ರಲ್ಲಿ ಅದು ಮುಚ್ಚಿದಾಗ ಮಾತುಕತೆಯನ್ನೆಲ್ಲ ಕಳೆದುಕೊಂಡರು.

ಬ್ಲಾಗರ್ ಮೇಲೂ ಇದೇ ಭಯ ಅಲ್ವಾ? 1999ರಲ್ಲಿ ಶುರುವಾದದ್ದು, 2003ರಲ್ಲಿ ಗೂಗಲ್ ಕೈಗೆ ಬಂತು. ಬೇರೆ ಬೇರೆ ಬ್ಲಾಗ್‌ಗಳನ್ನು ಒಂದೇ ಕಡೆ ಓದಿಸುತ್ತಿದ್ದ ಗೂಗಲ್ ರೀಡರ್ 2013ರಲ್ಲಿ ನಿಂತಿತು. ಹೊಸ ಬರಹವನ್ನು ಓದುಗರ ಇಮೇಲ್‌ಗೆ ಕಳಿಸುವ, ಗೂಗಲ್‌ನದೇ ಫೀಡ್‌ಬರ್ನರ್ ಸೌಲಭ್ಯ 2021ರಲ್ಲಿ ನಿಂತಿತು. ಬ್ಲಾಗರ್ ಇನ್ನೂ ಇದೆ, ಹೊಸದೇನೂ ಹೆಚ್ಚಾಗಿ ಬರುತ್ತಿಲ್ಲ. ಭಯ ಸುಳ್ಳಲ್ಲ, ಅದಕ್ಕೆ ತಯಾರಿ ಮಾಡಿಕೊಂಡರೆ ಸಾಕು.

ಈಗ ನನ್ನ ಅಡುಗೆ ಬರಹಗಳು ಬ್ಲಾಗರ್‌ನಲ್ಲಿವೆ, ಸ್ವಂತ ಡೊಮೇನ್ ಮೇಲೆ. ತೋಟದ ಟಿಪ್ಪಣಿಗಳು ಹ್ಯೂಗೋದಲ್ಲಿ. ಸ್ವಂತ ಹೋಸ್ಟಿಂಗ್ ಬಿಟ್ಟೆ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಬ್ಲಾಗರ್, ಜೊತೆಗೆ ಮೊದಲ ದಿನದಿಂದಲೇ ಸ್ವಂತ ಡೊಮೇನ್. ಬ್ಲಾಗರ್ ಇದಕ್ಕೆ ಏನೂ ಕೇಳುವುದಿಲ್ಲ, ಡೊಮೇನ್ ಶುಲ್ಕ ಒಂದನ್ನು ಕಟ್ಟಿದರೆ ಆಯಿತು. ಮುಂದೆ ಎಲ್ಲಿಗೆ ಹೋದರೂ ನಿಮ್ಮ ಹೆಸರು ಜೊತೆಗೇ ಬರುತ್ತದೆ. ಮೊಬೈಲ್ ಬಿಟ್ಟು ಬೇರೆ ಏನೂ ಇಲ್ಲದವರಿಗೆ ಮಾತ್ರ ವರ್ಡ್‌ಪ್ರೆಸ್ ಡಾಟ್ ಕಾಮ್. ಎಲ್ಲೇ ಇದ್ದರೂ ತಿಂಗಳಿಗೊಮ್ಮೆ ಬ್ಯಾಕಪ್ ಫೈಲ್ ಇಳಿಸಿಕೊಳ್ಳಿ. ಬ್ಲಾಗರ್, ವರ್ಡ್‌ಪ್ರೆಸ್ ಎರಡರಲ್ಲೂ ಆ ಫೈಲ್‌ನಲ್ಲಿ ಬರಹ, ಕಾಮೆಂಟ್ ಬರುತ್ತವೆ, ಫೋಟೋಗಳು ಬರುವುದಿಲ್ಲ. ಫೋಟೋ ಇರುವ ವಿಳಾಸ ಮಾತ್ರ ಇರುತ್ತದೆ. ಹಾಗಾಗಿ ಹಾಕುವ ಪ್ರತಿ ಫೋಟೋದ ಮೂಲ ಪ್ರತಿಯನ್ನು ನಿಮ್ಮ ಹತ್ತಿರ ಬೇರೆ ಫೋಲ್ಡರ್‌ನಲ್ಲಿ, ಬರಹದ ಹೆಸರಿನಲ್ಲೇ ಇಟ್ಟುಕೊಳ್ಳಿ.